ಜಾಗಕ್ಕಿಂತ ಮೊದಲು ಊಟ: ಎಂಟ್ಹತ್ತು ಮನೆ ಸೇರಿ ಒಂದು ಕೂಡು ವಠಾರ ಕಟ್ಟುವ ದಾರಿ

ನಮ್ಮ ಏಳು ಮನೆಯವರು ಮೂರು ವರ್ಷದಿಂದ ಭಾನುವಾರದ ಮಧ್ಯಾಹ್ನದ ಊಟ ಒಟ್ಟಿಗೆ ಮಾಡುತ್ತಿದ್ದೇವೆ. ಜಾಗ ಸಿಕ್ಕಿದ್ದು ಕಳೆದ ವರ್ಷ. ಪಾಯ ತೆಗೆದಿದ್ದು ಈ ಯುಗಾದಿ ಆದ ಮೇಲೆ. "ಇನ್ನೂ ಮನೆ ಆಗಿಲ್ವಾ?" ಅಂತ ನೆಂಟರು ಕೇಳುತ್ತಾರೆ. ಗೋಡೆ ಎದ್ದಿಲ್ಲ ಅನ್ನುವುದು ನಿಜ. ಆದರೆ ಕಷ್ಟದ ಅರ್ಧ ಕೆಲಸ ಆ ಊಟದ ಎಲೆ ಮುಂದೆಯೇ ಮುಗಿದಿದೆ. ಇದೇ ದಾರಿಯಲ್ಲಿ ಹೋಗಬೇಕು ಅಂತ ಆಸೆ ಇರುವವರಿಗೆ ನಾವು ಕಲಿತಿದ್ದನ್ನು ಹೇಳುತ್ತೇನೆ.

ಹೊರದೇಶಗಳಲ್ಲಿ ಇದಕ್ಕೆ ಕೋಹೌಸಿಂಗ್ ಅನ್ನುತ್ತಾರೆ. ನಾವು ನಮ್ಮೊಳಗೆ ಕೂಡು ವಠಾರ ಅನ್ನುತ್ತೇವೆ. ಹಳೆ ಬೆಂಗಳೂರು, ಮೈಸೂರಿನ ವಠಾರ ಕಂಡವರಿಗೆ ಅರ್ಧ ವಿಷಯ ತಾನಾಗಿ ಅರ್ಥವಾಗುತ್ತದೆ. ಉಳಿದರ್ಧದಲ್ಲಿ ದೊಡ್ಡ ವ್ಯತ್ಯಾಸ ಇದೆ. ವಠಾರದಲ್ಲಿ ಮಾಲೀಕ ಒಬ್ಬ, ಬಾಡಿಗೆದಾರರು ಹತ್ತು ಜನ, ನಲ್ಲಿ ಒಂದು, ಕಕ್ಕಸು ಒಂದು. ಬೇರೆ ಗತಿ ಇಲ್ಲದೆ ಹಂಚಿಕೊಳ್ಳುತ್ತಿದ್ದರು. ಕೂಡು ವಠಾರದಲ್ಲಿ ಪ್ರತಿಯೊಬ್ಬರಿಗೂ ಪೂರ್ತಿ ಮನೆ ಇರುತ್ತದೆ. ಅವರದೇ ಅಡುಗೆಮನೆ, ಅವರದೇ ಬಚ್ಚಲು, ಒಳಗಿಂದ ಹಾಕಿಕೊಳ್ಳಲು ಅವರದೇ ಬಾಗಿಲು. ಅದರ ಜೊತೆಗೆ ಎಲ್ಲರದ್ದೂ ಆದ ಒಂದು ದೊಡ್ಡ ಮನೆ, ಅದಕ್ಕೆ ಕೂಡು ಮನೆ ಅನ್ನುತ್ತೇವೆ. ಅಲ್ಲಿ ದೊಡ್ಡ ಅಡುಗೆಮನೆ, ಊಟದ ಹಜಾರ, ನೆಂಟರಿಗೆ ಒಂದೆರಡು ಕೋಣೆ, ಬಟ್ಟೆ ಒಗೆಯುವ ಮೆಷಿನ್ನು. ನಕ್ಷೆ ಹಾಕುವುದರಿಂದ ಹಿಡಿದು ಕಸ ಗುಡಿಸುವವರೆಗೆ ತೀರ್ಮಾನ ಮಾಡುವವರು ಅಲ್ಲಿ ಇರುವವರೇ. ಬಿಲ್ಡರ್ ಕಟ್ಟಿ ಕೊಟ್ಟ ಗೇಟೆಡ್ ಕಮ್ಯುನಿಟಿಯಲ್ಲಿ ಈಜುಕೊಳ ಇರಬಹುದು, ಆದರೆ ಈ ಕೊನೆಯ ಮಾತು ಇರುವುದಿಲ್ಲ.

ಎಷ್ಟು ವರ್ಷ ಹಿಡಿಯುತ್ತದೆ ಅಂತ ಮೊದಲೇ ತಿಳಿದಿರಲಿ

ಇದು ಶುರುವಾಗಿದ್ದು ಡೆನ್ಮಾರ್ಕಿನಲ್ಲಿ. 1964ರ ಚಳಿಗಾಲದಲ್ಲಿ ಯಾನ್ ಗುಡ್‌ಮಂಡ್ ಹೊಯರ್ ಅನ್ನುವ ಆರ್ಕಿಟೆಕ್ಟ್ ಕೆಲವು ಗೆಳೆಯರನ್ನು ಕೂರಿಸಿಕೊಂಡು ಮಾತು ತೆಗೆದರು. ಕೋಪನ್‌ಹೇಗನ್ ಹತ್ತಿರ ಜಾಗವನ್ನೂ ನೋಡಿದರು. ಅಕ್ಕಪಕ್ಕದವರು ಒಪ್ಪಲಿಲ್ಲ, ಕೈಬಿಡಬೇಕಾಯಿತು. 1967ರಲ್ಲಿ ಬೋಡಿಲ್ ಗ್ರೋ ಅನ್ನುವ ಲೇಖಕಿ ಪತ್ರಿಕೆಯಲ್ಲಿ, ಮಕ್ಕಳಿಗೆ ನೂರು ಜನ ಅಪ್ಪ-ಅಮ್ಮ ಇರಬೇಕು ಅಂತ ಬರೆದರು. ಅದನ್ನು ಓದಿದ ಎಷ್ಟೋ ಕುಟುಂಬಗಳು ಹುಡುಕಿಕೊಂಡು ಬಂದವು. ಕೊನೆಗೆ 1972ರಲ್ಲಿ ಸೆಟ್ಟೆಡ್ಯಾಮೆನ್ ಅನ್ನುವ ಮೊದಲ ಕೇರಿ ಎದ್ದಿತು, 27 ಮನೆ. ಮೊದಲ ಮಾತಿನಿಂದ ಮೊದಲ ಮನೆಗೆ ಎಂಟು ವರ್ಷ. 1988ರಲ್ಲಿ ಕ್ಯಾಥರಿನ್ ಮೆಕಮಂಟ್ ಮತ್ತು ಚಾರ್ಲ್ಸ್ ಡ್ಯುರೆಟ್ ಅನ್ನುವ ದಂಪತಿ ಇದರ ಬಗ್ಗೆ ಪುಸ್ತಕ ಬರೆದ ಮೇಲೆ ಅಮೆರಿಕದಲ್ಲೂ ಹಬ್ಬಿತು. 1991ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ಊರಲ್ಲಿ 26 ಮನೆಗಳ ಮ್ಯೂರ್ ಕಾಮನ್ಸ್ ಆಯಿತು.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಲಂಡನ್ನಿನ ಹೈ ಬಾರ್ನೆಟ್‌ನ ನ್ಯೂ ಗ್ರೌಂಡ್. ಐವತ್ತು ದಾಟಿದ ಹೆಂಗಸರೇ ಸೇರಿ ಕಟ್ಟಿಕೊಂಡ 25 ಫ್ಲ್ಯಾಟು. ಯೋಚನೆ ಮೊಳೆತದ್ದು 1998ರಲ್ಲಿ, ಗೃಹಪ್ರವೇಶ 2016ರ ಕೊನೆಗೆ. ಹದಿನೆಂಟು ವರ್ಷ. ಆ ಮಧ್ಯೆ ಎಷ್ಟೋ ಜನ ಬಿಟ್ಟು ಹೋದರು, ಕೆಲವರು ತೀರಿಕೊಂಡರು. ಅದಕ್ಕೇ ನಾನು ಹೇಳುವುದು, ಅರವತ್ತಾದ ಮೇಲೆ ನೋಡೋಣ ಅನ್ನಬೇಡಿ. ನಲವತ್ತೈದಕ್ಕೇ ಶುರು ಮಾಡಿ.

ಮೊದಲ ಹೆಜ್ಜೆ: ಆರು ತಿಂಗಳು ಒಟ್ಟಿಗೆ ಊಟ ಮಾಡಿ

ಎಲ್ಲರೂ ಜಾಗದಿಂದ ಶುರು ಮಾಡುತ್ತಾರೆ. ಅಲ್ಲೇ ಎಡವುವುದು. ಜಾಗ ನೋಡಲು ಹೋದಾಗ ಎಲ್ಲರ ಮುಖದಲ್ಲೂ ನಗು ಇರುತ್ತದೆ. ಪಾತ್ರೆ ತೊಳೆಯುವಾಗ ಜನ ಗೊತ್ತಾಗುತ್ತಾರೆ.

ವಾರಕ್ಕೊಂದು ದಿನ ಇಟ್ಟುಕೊಳ್ಳಿ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಾರ. ಎರಡು ಮನೆಯವರು ಅಡುಗೆ, ಎರಡು ಮನೆಯವರು ತೊಳೆಯುವುದು, ಉಳಿದವರು ಮಕ್ಕಳನ್ನೂ ಹಿರಿಯರನ್ನೂ ನೋಡಿಕೊಳ್ಳುವುದು. ಹೋಟೆಲಿಂದ ತರಿಸಬೇಡಿ. ತರಿಸಿದರೆ ಅದು ಪಾರ್ಟಿ ಆಗುತ್ತದೆ.

ನಮ್ಮಲ್ಲಿ ಐದನೇ ವಾರ ಮೊದಲ ಜಗಳ ಬಂತು. ಬೇಳೆ ಸಾರಿನ ದೊಡ್ಡ ಕುಕ್ಕರ್ ತಳ ಹಿಡಿದಿತ್ತು. ತೊಳೆಯುವ ಸರದಿ ಇದ್ದ ಗೆಳೆಯ ಅದಕ್ಕೆ ನೀರು ತುಂಬಿಟ್ಟು ಹೊರಟ. ಮನೆಯಾಕೆ ರಾತ್ರಿ ಹತ್ತಕ್ಕೆ ಒಬ್ಬರೇ ತೆಂಗಿನ ನಾರು ಹಿಡಿದು ಉಜ್ಜುತ್ತಾ ಕೂತಿದ್ದರು. ಮುಂದಿನ ವಾರ ಅವರು ಮಾತಾಡಲೇ ಇಲ್ಲ. ಕೊನೆಗೆ ನನ್ನ ಹೆಂಡತಿ ಕೇಳಿದಾಗ ಹೇಳಿದರು: "ಅಣ್ಣ ಕೆಟ್ಟವರಲ್ಲ ಕಣೇ. ಅವರ ಮನೆಯಲ್ಲಿ ನೆನೆಸಿಟ್ಟರೆ ಬೆಳಿಗ್ಗೆ ಕೆಲಸದವರು ತೊಳೀತಾರೆ. ನಮ್ಮನೆಯಲ್ಲಿ ಯಾರೂ ಬರಲ್ಲ." ಅವತ್ತೇ ನಮ್ಮ ಮೊದಲ ನಿಯಮ ಬಂತು: ತಳ ಹಿಡಿದ ಪಾತ್ರೆ ಒಲೆ ಹಚ್ಚಿದವರದ್ದು, ಉಳಿದದ್ದು ತೊಳೆಯುವವರದ್ದು, ಒಣಗಿಸಿ ಕವುಚಿಟ್ಟ ಮೇಲೆಯೇ ಮನೆಗೆ. ಇಷ್ಟು ಸಣ್ಣ ವಿಷಯಕ್ಕೆ ಮುನಿಸು ಬರುತ್ತದೆ ಅಂತ ಜಾಗ ಕೊಂಡ ಮೇಲೆ ಗೊತ್ತಾಗಿದ್ದರೆ ಏನು ಗತಿ?

ನಾವು ಶುರು ಮಾಡಿದಾಗ ಹನ್ನೊಂದು ಮನೆ ಇತ್ತು. ಆರು ತಿಂಗಳಲ್ಲಿ ನಾಲ್ಕು ಮನೆಯವರು ಇದು ತಮಗಲ್ಲ ಅಂತ ಹಿಂದೆ ಸರಿದರು. ಅವರು ಈಗಲೂ ಗೆಳೆಯರೇ. ಆಗ ದುಡ್ಡು ಹಾಕಿರಲಿಲ್ಲ, ಹಾಗಾಗಿ ಮನಸ್ಸೂ ಮುರಿಯಲಿಲ್ಲ.

ಎರಡನೇ ಹೆಜ್ಜೆ: ಮುಜುಗರದ ಮಾತು ಮೊದಲೇ ಆಡಿ

ಒಂದು ನೋಟ್‌ಬುಕ್ ತನ್ನಿ. ಎಲ್ಲರೂ ಕೇಳಲು ಹಿಂಜರಿಯುವ ಪ್ರಶ್ನೆಗಳನ್ನೇ ಅದರಲ್ಲಿ ಬರೆಯಿರಿ.

ನಮ್ಮಲ್ಲಿ ಮೊದಲ ಪ್ರಶ್ನೆ ಊಟದ್ದೇ. ಮಾಂಸ, ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ. ನಾವು ಮಾಡಿಕೊಂಡ ಒಪ್ಪಂದ ಹೀಗಿದೆ. ಕೂಡು ಮನೆಯ ಅಡುಗೆಮನೆಯಲ್ಲಿ ದಿನದ ಅಡುಗೆ ಸಸ್ಯಾಹಾರ, ತಿಂಗಳಲ್ಲಿ ಎರಡು ದಿನ ಹೊರಗಿನ ಒಲೆಯಲ್ಲಿ ಬೇರೆ ಪಾತ್ರೆಯಲ್ಲಿ ಬಾಡೂಟ. ತಿನ್ನದವರು ಅವತ್ತೂ ಅದೇ ಹಜಾರದಲ್ಲಿ ಕೂತು ತಮ್ಮ ಊಟ ಮಾಡುತ್ತಾರೆ. ಸ್ವಂತ ಮನೆಯೊಳಗೆ ಯಾರು ಏನು ಬೇಯಿಸಿದರೂ ಕೇಳುವ ಹಾಗಿಲ್ಲ. ನಿಮ್ಮ ಒಪ್ಪಂದ ಬೇರೆ ಇರಬಹುದು. ಆದರೆ ಒಂದು ಮಾತು ಒತ್ತಿ ಹೇಳುತ್ತೇನೆ: ಊಟದ ನೆಪದಲ್ಲಿ ಜಾತಿ ಆರಿಸಬೇಡಿ. ಹಾಗೆ ಆರಿಸಿಕೊಂಡು ಕಟ್ಟಿದರೆ ಹಳೆ ಕಾಲದ ಕೇರಿಗಳನ್ನೇ ಹೊಸ ಸಿಮೆಂಟಿನಲ್ಲಿ ಕಟ್ಟಿದ ಹಾಗೆ. ನಮ್ಮ ಏಳು ಮನೆಗಳಲ್ಲಿ ಐದು ಥರದ ಅಡುಗೆ ಇದೆ. ಮಕ್ಕಳು ಜೋಳದ ರೊಟ್ಟಿಗೂ ನೀರ್ ದೋಸೆಗೂ ಒಂದೇ ಥರ ಕಾಯುತ್ತವೆ.

ಉಳಿದ ಪ್ರಶ್ನೆಗಳು ಇವು. ವಯಸ್ಸಾದ ಅಪ್ಪ-ಅಮ್ಮ ಜೊತೆಗೆ ಬರುತ್ತಾರಾ, ಬಂದರೆ ಅವರಿಗೂ ಸಭೆಯಲ್ಲಿ ಮಾತು ಇದೆಯಾ. ನಾಯಿ ಸಾಕಬಹುದಾ. ಗಣಪತಿ ಇಡುವುದು ಯಾರು, ಮೈಕು ಎಷ್ಟು ಗಂಟೆವರೆಗೆ. ಬೇರೆಯವರ ಮಗುವನ್ನು ಗದರಿಸಬಹುದಾ. ಯಾರಾದರೂ ಹಾಸಿಗೆ ಹಿಡಿದರೆ ನಾವು ಎಷ್ಟು ಮಾಡುತ್ತೇವೆ, ಎಲ್ಲಿಗೆ ನಿಲ್ಲಿಸುತ್ತೇವೆ. ಈ ಕೊನೆಯದ್ದನ್ನು ತುಂಬಾ ನಿಧಾನವಾಗಿ ಮಾತಾಡಿ. ಆಸ್ಪತ್ರೆಗೆ ಕರೆದೊಯ್ಯುವುದು, ಗಂಜಿ ಮಾಡಿಕೊಡುವುದು, ರಾತ್ರಿ ಒಂದೆರಡು ದಿನ ಜೊತೆಗೆ ಮಲಗುವುದು ನಮ್ಮಿಂದ ಆಗುತ್ತದೆ. ತಿಂಗಳುಗಟ್ಟಲೆ ಶುಶ್ರೂಷೆ ಆಗುವುದಿಲ್ಲ. ಅದಕ್ಕೆ ನರ್ಸ್ ಇಡಬೇಕು, ಖರ್ಚು ಅವರವರದ್ದು. ಹೀಗೆ ಬಿಡಿಸಿ ಬರೆದುಕೊಂಡ ಮೇಲೆ ನಮ್ಮಲ್ಲಿ ಒಬ್ಬರೇ ಇರುವ ಹಿರಿಯ ಟೀಚರಮ್ಮ ಹೇಳಿದರು: "ಈಗ ನನಗೆ ಧೈರ್ಯ ಬಂತಪ್ಪ. ಏನು ಸಿಗಲ್ಲ ಅಂತಾನೂ ಗೊತ್ತಾಯ್ತಲ್ಲ."

ಮೂರನೇ ಹೆಜ್ಜೆ: ತೀರ್ಮಾನ ಮಾಡುವ ಬಗೆ

ಕೈ ಎತ್ತಿಸಿ ಬಹುಮತ ಎಣಿಸಬೇಡಿ. ನಾಲ್ಕು-ಮೂರರಲ್ಲಿ ಸೋತ ಮೂವರು ಮಾರನೇ ದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಹಾಲು ತರಲು ಎದುರು ಸಿಗುತ್ತಾರೆ. ಹೊರದೇಶದ ಹಲವು ಕಡೆ ಬಣ್ಣದ ಚೀಟಿ ಬಳಸುತ್ತಾರೆ, ನಮಗೂ ಅದು ಹೊಂದಿತು. ಹಸಿರು ಎತ್ತಿದರೆ ಒಪ್ಪಿಗೆ. ಹಳದಿ ಎತ್ತಿದರೆ ಪ್ರಶ್ನೆ ಇದೆ. ಕೆಂಪು ಎತ್ತಿದರೆ ಒಪ್ಪಿಗೆ ಇಲ್ಲ, ಆದರೆ ಬೇರೆ ದಾರಿ ಹುಡುಕಲು ಅವರೂ ಕೂತುಕೊಳ್ಳಬೇಕು. ಮೂರು ಸಭೆ ಆದರೂ ಬಗೆಹರಿಯದಿದ್ದರೆ ಮುಕ್ಕಾಲು ಪಾಲು ಮತ ಸಾಕು ಅಂತ ಬರೆದಿಟ್ಟುಕೊಂಡಿದ್ದೇವೆ. ಇಲ್ಲಿಯವರೆಗೆ ಒಂದೇ ಸಲ ಅಲ್ಲಿಗೆ ಹೋಗಿದ್ದು.

ನಾಲ್ಕನೇ ಹೆಜ್ಜೆ: ಯಾರ ಹೆಸರಿಗೆ?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಮ್ಮ ರಾಜ್ಯದಲ್ಲಿ ಕೋಹೌಸಿಂಗ್‌ಗೆ ಅಂತಲೇ ಮಾಡಿದ ಕಾನೂನು ಇಲ್ಲ. ಇರುವ ಕಾನೂನುಗಳಲ್ಲೇ ಒಂದನ್ನು ಆರಿಸಿಕೊಳ್ಳಬೇಕು.

ಸೈಟು ಮಾಡಿ ಹಂಚಿಕೊಳ್ಳುವುದು ಒಂದು ದಾರಿ. ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ, ಬ್ಯಾಂಕ್ ಸಾಲ ಸುಲಭ. ಆದರೆ ಲೇಔಟ್ ಅಪ್ರೂವಲ್ ಮಾಡಿಸುವಾಗ ರಸ್ತೆ, ಪಾರ್ಕಿನ ಜಾಗ ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಅಲ್ಲಿಗೆ ನಡುವಿನ ಅಂಗಳ ನಿಮ್ಮದಾಗಿ ಉಳಿಯುವುದಿಲ್ಲ. ಗೃಹ ನಿರ್ಮಾಣ ಸಹಕಾರ ಸಂಘಗಳ ಬಡಾವಣೆಗಳಲ್ಲಿ ನೋಡಿದ್ದೀರಲ್ಲ, ಸೈಟು ಸಿಕ್ಕ ಮೇಲೆ ಪ್ರತಿಯೊಬ್ಬರೂ ಸುತ್ತ ಕಾಂಪೌಂಡ್ ಎಬ್ಬಿಸುತ್ತಾರೆ.

ಇನ್ನೊಂದು ದಾರಿ, ಇಡೀ ಜಾಗ ಒಂದೇ ಇಟ್ಟುಕೊಂಡು 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಕೆಳಗೆ ಬರುವುದು. ಮನೆ ನಿಮ್ಮದು. ನೆಲದಲ್ಲಿ ಎಲ್ಲರಿಗೂ ಅವಿಭಜಿತ ಪಾಲು. ಕೂಡು ಮನೆ, ಬಾವಿ, ಅಂಗಳ ಎಲ್ಲ ಸಾಮಾನ್ಯ ಜಾಗ ಅಂತ ಡೀಡ್ ಆಫ್ ಡಿಕ್ಲರೇಷನ್ ಅನ್ನುವ ಘೋಷಣಾ ಪತ್ರದಲ್ಲಿ ಬರೆದು ನೋಂದಣಿ ಮಾಡಿಸುತ್ತೀರಿ. ಹೀಗೆ ಮಾಡಿದರೆ ಆ ಸಾಮಾನ್ಯ ಜಾಗದಲ್ಲಿ ಭಾಗ ಕೇಳಿ ಯಾರೂ ದಾವೆ ಹಾಕುವ ಹಾಗಿಲ್ಲ. ನಾವು ಇದನ್ನೇ ಆರಿಸಿದೆವು. ಸುಮ್ನೆ ಏಳು ಜನರ ಹೆಸರಿಗೆ ಜಂಟಿಯಾಗಿ ಕ್ರಯ ಮಾಡಿಸಿ ಬಿಟ್ಟರೆ ಈ ರಕ್ಷಣೆ ಇಲ್ಲ. ನಾಳೆ ಒಬ್ಬರ ಮಗ ಪಾಲು ಬಿಡಿಸಿಕೊಡಿ ಅಂತ ಕೋರ್ಟಿಗೆ ಹೋಗಬಹುದು.

ಮೂರನೆಯದು, ಸಹಕಾರ ಸಂಘವೇ ಎಲ್ಲ ಮನೆಗಳ ಮಾಲೀಕ ಆಗುವುದು. ಸದಸ್ಯರಿಗೆ ಷೇರು, ವಾಸಕ್ಕೆ ಹಕ್ಕು. ಗದಗ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡು ನಮ್ಮದು, ಹಾಗಾಗಿ ಈ ದಾರಿಯ ಮೇಲೆ ನನಗೆ ಪ್ರೀತಿ ಜಾಸ್ತಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಲಿಲಾಕ್ ಅನ್ನುವ 20 ಮನೆಗಳ ಕೇರಿ ಇಂಥದ್ದೇ. ಅಲ್ಲಿ ಪ್ರತಿ ಮನೆಯವರೂ ಕೈಗೆ ಬರುವ ಸಂಬಳದಲ್ಲಿ 35% ಕಟ್ಟುತ್ತಾರೆ. ಸಂಬಳ ಕಡಿಮೆ ಇದ್ದರೆ ಕಟ್ಟುವುದೂ ಕಡಿಮೆ. ನ್ಯಾಯದ ಲೆಕ್ಕ. ಆದರೆ ಏಳು ಮನೆಗೆ ಸಂಘದ ಕಾಗದಪತ್ರ, ಚುನಾವಣೆ, ಆಡಿಟ್ ಭಾರ ಅನ್ನಿಸಿತು.

ಯಾವ ದಾರಿಯಾದರೂ ಸರಿ, ಜಾಗ ಹುಡುಕುವ ಮೊದಲೇ ಆಸ್ತಿ ವಿಷಯ ಗೊತ್ತಿರುವ ವಕೀಲರ ಹತ್ತಿರ ಎಲ್ಲರೂ ಒಟ್ಟಿಗೆ ಹೋಗಿ. ಒಂದೆರಡು ಮನೆ ಹೊರಗಿನವರಿಗೆ ಮಾರುವ ಯೋಚನೆ ಇದ್ದರೆ ರೇರಾ (ಮನೆ ಕಟ್ಟಿ ಮಾರುವವರ ಮೇಲೆ ಕಣ್ಣಿಡುವ ಪ್ರಾಧಿಕಾರ) ನೋಂದಣಿ ಬೇಕಾ ಅಂತಲೂ ಕೇಳಿ.

ಐದನೇ ಹೆಜ್ಜೆ: ಜಾಗದ ಕಾಗದ

ಪಹಣಿಯಲ್ಲಿ ಹೆಸರು ಇದೆ, ಇ.ಸಿ. (ಜಾಗದ ಮೇಲೆ ನೋಂದಣಿಯಾದ ಕ್ರಯ, ಸಾಲಗಳ ಪಟ್ಟಿ) ಕ್ಲಿಯರ್ ಇದೆ ಅಂದರೆ ಸಾಲದು. ನಾವು ಇದನ್ನು ದುಡ್ಡು ಕಳೆದುಕೊಂಡು ಕಲಿತೆವು. ಮೈಸೂರಿನಿಂದ ಹದಿನೆಂಟು ಕಿಲೋಮೀಟರ್ ದೂರದಲ್ಲಿ ಒಂದು ಎಕರೆ ನೋಡಿದೆವು. ಮಾವಿನ ಮರ, ಪಕ್ಕದಲ್ಲೇ ಕೆರೆ ಏರಿ. ಎಲ್ಲರಿಗೂ ಮನಸ್ಸು ಹೋಯಿತು. ಮಧ್ಯವರ್ತಿ ಅವಸರ ಮಾಡಿದ, ಎರಡು ಲಕ್ಷ ಅಡ್ವಾನ್ಸ್ ಕೊಟ್ಟೆವು. ಆಮೇಲೆ ವಕೀಲರು ಹಳೆ ದಾಖಲೆ ತೆಗೆಸಿದಾಗ ಸಾಗುವಳಿ ಚೀಟಿ ಸಿಕ್ಕಿತು. ಅದು ಹಿಂದೆ ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಕೊಟ್ಟ ಜಮೀನು. 1978ರ ಪಿಟಿಸಿಎಲ್ ಕಾಯ್ದೆ (ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನು ಕೈಬದಲಾಗದ ಹಾಗೆ ತಡೆಯುವ ಕಾನೂನು) ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವ ಹಾಗಿಲ್ಲ. ಮಾರಿದರೂ ರದ್ದಾಗಿ ಮೂಲ ಕುಟುಂಬಕ್ಕೆ ವಾಪಸ್ ಹೋಗಬಹುದು. ಹೋಗಲೇಬೇಕು ಕೂಡ, ಅದು ಅವರ ಬದುಕಿಗೆ ಅಂತ ಕೊಟ್ಟ ನೆಲ. ಅಡ್ವಾನ್ಸ್‌ನಲ್ಲಿ ಅರ್ಧ ಮಾತ್ರ ವಾಪಸ್ ಬಂತು, ಅದಕ್ಕೂ ಹದಿನಾಲ್ಕು ತಿಂಗಳು ಅಲೆದೆವು.

ಆದ್ದರಿಂದ ಒಂದು ರೂಪಾಯಿ ಕೊಡುವ ಮೊದಲು ಇಷ್ಟು ನೋಡಿಸಿ. ಜಮೀನು ಮೂಲದಲ್ಲಿ ಸರ್ಕಾರದಿಂದ ಗ್ರಾಂಟ್ ಆಗಿದ್ದಾ. ಕನಿಷ್ಠ ಮೂವತ್ತು ವರ್ಷದ ಇ.ಸಿ., ಮ್ಯುಟೇಷನ್ (ಖಾತೆ ಬದಲಾದ ದಾಖಲೆ), ಕ್ರಯಪತ್ರಗಳ ಸರಪಳಿ ಎಲ್ಲೂ ಕಡಿಯದೆ ಇದೆಯಾ. ಹೆಣ್ಣುಮಕ್ಕಳ ಸಹಿ ಬಿಟ್ಟುಹೋಗಿದೆಯಾ. ಸರ್ವೆ ಟಿಪ್ಪಣಿ, ಆಕಾರಬಂದ್ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ಅಳತೆ ಪಹಣಿಗೆ ಹೊಂದುತ್ತದಾ, ಒಳಗೆ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಇದೆಯಾ. ಇದ್ದರೆ ಅದು ಹಳ್ಳವೋ ದಾರಿಯೋ, ಸರ್ಕಾರದ್ದು. ಕೃಷಿ ಜಮೀನಾದರೆ ವಾಸಕ್ಕೆ ಭೂ ಪರಿವರ್ತನೆ ಆಗುತ್ತದಾ, ಮಾಸ್ಟರ್ ಪ್ಲಾನ್‌ನಲ್ಲಿ ಅದು ಯಾವ ವಲಯ. ಇಷ್ಟಾದ ಮೇಲೆ ಎರಡು ಸಾಮಾನ್ಯ ಪ್ರಶ್ನೆ: ಆಸ್ಪತ್ರೆಗೆ ಅರ್ಧ ಗಂಟೆಯಲ್ಲಿ ಹೋಗಬಹುದಾ, ಬಸ್ಸು ಇದೆಯಾ. ಎಪ್ಪತ್ತೈದರಲ್ಲಿ ಯಾರೂ ಕಾರು ಓಡಿಸುವುದಿಲ್ಲ.

ಆರನೇ ಹೆಜ್ಜೆ: ನಕ್ಷೆ

ಒಂದು ಎಕರೆ ಅಂದರೆ 43,560 ಚದರಡಿ. ಎಂಟು ಮನೆ, ಒಂದೊಂದಕ್ಕೆ 1,200 ಚದರಡಿ ನೆಲ ಅಂದುಕೊಳ್ಳಿ. ಒಟ್ಟು 9,600. ಕೂಡು ಮನೆಗೆ 2,000. ಅಂದರೆ ಮುಕ್ಕಾಲು ಎಕರೆಗೆ ಹತ್ತಿರ ಹತ್ತಿರ ಬಯಲೇ ಉಳಿಯುತ್ತದೆ. ಮನೆಗಳನ್ನು ಚೆಲ್ಲಾಡದೆ ಒತ್ತೊತ್ತಾಗಿ ಕಟ್ಟಿದರೆ ಮಾತ್ರ ಈ ಲೆಕ್ಕ.

ಕಾರು, ಬೈಕು ಗೇಟಿನ ಹತ್ತಿರವೇ ನಿಲ್ಲಲಿ. ಅಲ್ಲಿಂದ ಮನೆಗೆ ನಡೆದೇ ಹೋಗಬೇಕು, ನಡೆಯುವ ದಾರಿ ಕೂಡು ಮನೆಯ ಮುಂದೆಯೇ ಹಾದು ಹೋಗಬೇಕು. ಸಂಜೆ ಬರುವಾಗ ಒಗ್ಗರಣೆ ವಾಸನೆ ಮೂಗಿಗೆ ಬಡಿದರೆ ಜನ ತಾವಾಗಿಯೇ ಒಳಗೆ ಇಣುಕುತ್ತಾರೆ. ಡೇನಿಷ್ ಆರ್ಕಿಟೆಕ್ಟುಗಳು ಮನೆಗೂ ದಾರಿಗೂ ನಡುವೆ ಒಂದು ಮೆತ್ತಗಿನ ಅಂಚು ಇರಬೇಕು ಅನ್ನುತ್ತಾರೆ. ನಮ್ಮಲ್ಲಿ ಅದಕ್ಕೆ ಹೆಸರೇ ಇದೆಯಲ್ಲ, ಜಗಲಿ. ಅವರೆಕಾಯಿ ಸುಲಿಯುತ್ತಾ ಕೂತವರನ್ನು ದಾರಿಯಲ್ಲಿ ಹೋಗುವವರು ಮಾತಾಡಿಸಬಹುದು, ಒಳಗೆ ಬರುವ ಅಗತ್ಯ ಇಲ್ಲ. ಅಡುಗೆಮನೆ ಕಿಟಕಿ ದಾರಿಯ ಕಡೆಗೆ, ಮಲಗುವ ಕೋಣೆ ಹಿಂದಕ್ಕೆ. ಹಿಂದೆ ಸ್ವಲ್ಪ ಜಾಗ ಯಾರಿಗೂ ಕಾಣದ ಹಾಗೆ ನಿಮ್ಮದೇ ಇರಲಿ. ಯಾರ ಮುಖವೂ ಬೇಡ ಅನ್ನಿಸುವ ದಿನ ಎಲ್ಲರಿಗೂ ಬರುತ್ತದೆ.

ಬಾಗಿಲು ಮೂರು ಅಡಿ ಅಗಲ, ಹೊಸ್ತಿಲು ತಗ್ಗು, ಬಚ್ಚಲಲ್ಲಿ ಹಿಡಿಕೆ. ಈಗಲೇ ಹಾಕಿಸಿದರೆ ಖರ್ಚು ಕಡಿಮೆ. ಮಳೆನೀರು ಬಿಡಬೇಡಿ. ಸಾವಿರ ಚದರಡಿ ಸೂರಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 9,000 ಲೀಟರ್. ಕೆಲಸಕ್ಕೆ ಬರುವವರಿಗೆ ಒಂದು ಒಳ್ಳೆಯ ಶೌಚಾಲಯ, ಬಟ್ಟೆ ಬದಲಿಸಲು ಕೋಣೆ, ಎಲ್ಲರ ಜೊತೆ ಕೂತು ಉಣ್ಣುವ ಜಾಗ ನಕ್ಷೆಯಲ್ಲೇ ಇರಬೇಕು. ಸಹಬಾಳ್ವೆ ಅಂತ ಹೇಳಿಕೊಂಡು ಅವರಿಗೆ ಬೇರೆ ಲೋಟ ಇಟ್ಟರೆ ಆ ಹೆಸರಿಗೆ ಅರ್ಥ ಇಲ್ಲ.

ಏಳನೇ ಹೆಜ್ಜೆ: ಅಡುಗೆಯ ಸರದಿ

ಸ್ಟಾಕ್‌ಹೋಮಿನಲ್ಲಿ ಫೆರ್ಡ್‌ಕ್ನೆಪ್ಪೆನ್ ಅಂತ ಒಂದು ಕಟ್ಟಡ ಇದೆ. 1993ರದ್ದು, 43 ಬಾಡಿಗೆ ಮನೆ, ನಲವತ್ತು ದಾಟಿ ಮಕ್ಕಳು ಬೇರೆ ಹೋದವರಿಗೆ. ಅಲ್ಲಿ ಒಂದು ತಂಡ ಒಂದು ವಾರ ಎಲ್ಲರಿಗೂ ರಾತ್ರಿ ಊಟ ಮಾಡುತ್ತದೆ, ಆಮೇಲೆ ಐದಾರು ವಾರ ಉಳಿದವರು ಮಾಡಿದ್ದನ್ನು ಊಟ ಮಾಡುತ್ತದೆ. ನಮ್ಮ ಹಳ್ಳಿಗಳ ಮುಯ್ಯಾಳಿನ ಲೆಕ್ಕವೇ ಇದು. ಇವತ್ತು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ.

ಶುರುವಿನಲ್ಲಿ ವಾರಕ್ಕೆ ಎರಡೇ ಊಟ ಸಾಕು. ಮೆನು ಸರಳ ಇರಲಿ: ಅನ್ನ, ಒಂದು ಸಾರು, ಒಂದು ಪಲ್ಯ, ಮಜ್ಜಿಗೆ. ಬರುವವರು ಹಿಂದಿನ ರಾತ್ರಿಯೇ ಹಲಗೆ ಮೇಲೆ ಹೆಸರು ಬರೆಯಬೇಕು. ಗಂಡಸರೂ ಸೌಟು ಹಿಡಿಯಬೇಕು, ಬರೀ ತರಕಾರಿ ತಂದುಕೊಟ್ಟರೆ ಸರದಿ ಆದ ಹಾಗಲ್ಲ. ಇದನ್ನು ಬರೆದೇ ಇಡಿ. ಇಲ್ಲದಿದ್ದರೆ ಒಂದು ಮನೆಯ ಹೆಂಗಸಿನ ಕೆಲಸ ಏಳು ಮನೆಯ ಹೆಂಗಸರ ಕೆಲಸ ಆಗುತ್ತದೆ. ನಮ್ಮಲ್ಲಿ ಅರವತ್ತೆರಡು ವರ್ಷದ ರಾಯರೊಬ್ಬರು ಜೀವನದಲ್ಲಿ ಮೊದಲ ಸಲ ಹುಳಿ ಮಾಡಿದರು. ಉಪ್ಪು ಎರಡು ಸಲ ಬಿದ್ದಿತ್ತು. ಎಲ್ಲರೂ ಮೊಸರು ಕಲಸಿಕೊಂಡು ಪೂರ್ತಿ ಖಾಲಿ ಮಾಡಿದೆವು. ಈಗ ಅವರ ಹುಳಿಗೆ ಜನ ಹೆಸರು ಬರೆಸುತ್ತಾರೆ.

ಎಂಟನೇ ಹೆಜ್ಜೆ: ಹೊರಗೆ ಹೋಗುವ ಬಾಗಿಲು

ಸೇರುವಾಗಲೇ ಬಿಡುವ ನಿಯಮ ಬರೆಯಿರಿ. ಮಾರುವುದಾದರೆ ಮೊದಲು ಒಳಗಿನವರನ್ನು ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಬೆಲೆ ಯಾರು ಕಟ್ಟುತ್ತಾರೆ. ಬಾಡಿಗೆಗೆ ಕೊಟ್ಟರೆ ಬಾಡಿಗೆದಾರರೂ ಅಡುಗೆ ಸರದಿಗೆ ಬರುತ್ತಾರಾ. ತೀರಿಕೊಂಡರೆ ಮನೆ ಮಕ್ಕಳದ್ದೇ, ಅದರಲ್ಲಿ ಮಾತಿಲ್ಲ. ಆದರೆ ಹೊರದೇಶದಲ್ಲಿ ಇರುವ ಮಗಳಿಗೆ ಈ ನಿಯಮಗಳ ಪ್ರತಿ ಈಗಲೇ ಕಳಿಸಿ, ವಿಡಿಯೋ ಕಾಲ್‌ನಲ್ಲಿ ಕೂರಿಸಿ ಮಾತಾಡಿ. ನಮ್ಮ ಏಳು ಮನೆಗಳಲ್ಲಿ ನಾಲ್ಕರ ಮಕ್ಕಳು ಹೊರದೇಶದಲ್ಲಿದ್ದಾರೆ. ಮೊದಲು ಅವರಿಗೇ ಅನುಮಾನ ಜಾಸ್ತಿ ಇತ್ತು. ಈಗ ಅಮ್ಮ ಫೋನ್ ಎತ್ತದಿದ್ದರೆ ಯಾರಿಗೆ ಮಾಡಬೇಕು ಅಂತ ಅವರ ಹತ್ತಿರ ಆರು ನಂಬರ್ ಇದೆ.

ಜಾಗ ಕೊಳ್ಳುವ ಶಕ್ತಿ ಇಲ್ಲದವರಿಗೆ

ಇದು ದುಡ್ಡಿದ್ದವರ ಮಾತು ಅಂತ ಬಿಟ್ಟುಬಿಡಬೇಡಿ. ಅದೇ ಡೇವಿಸ್ ಊರಲ್ಲಿ ಎನ್ ಸ್ಟ್ರೀಟ್ ಅಂತ ಒಂದು ಕೇರಿ ಇದೆ. ಅಲ್ಲಿ ಯಾರೂ ಹೊಸದಾಗಿ ಜಾಗ ಕೊಳ್ಳಲಿಲ್ಲ. 1986ರಲ್ಲಿ ಅಕ್ಕಪಕ್ಕದ ಎರಡು ಸಾಧಾರಣ ಮನೆಯವರು ಹಿತ್ತಲಿನ ನಡುವಿನ ಬೇಲಿ ತೆಗೆದರು, ಅಷ್ಟೇ. ಆಮೇಲೆ ಒಂದೊಂದೇ ಮನೆ ಸೇರಿಕೊಂಡಿತು, ಒಂದೊಂದೇ ಬೇಲಿ ಹೋಯಿತು. ಬಾಡಿಗೆ ಮನೆಯವರೂ ಇದನ್ನು ಮಾಡಬಹುದು. ಒಂದೇ ಅಪಾರ್ಟ್‌ಮೆಂಟಿನಲ್ಲಿ ಮೂರು ಗೆಳೆಯರು ಬಾಡಿಗೆಗೆ ಬಂದು ವಾರಕ್ಕೆರಡು ಊಟ ಒಟ್ಟಿಗೆ ಮಾಡಿದರೆ ಅದೂ ಕೂಡು ವಠಾರವೇ.

ಸ್ವಂತ ಮನೆ ಇದ್ದು ಪಕ್ಕದವರೂ ಒಪ್ಪಿದರೆ ಕಾಂಪೌಂಡ್ ಒಡೆಯುವುದು ಬೇಡ. ಹಿತ್ತಲಿನ ಗೋಡೆಯಲ್ಲಿ ಎರಡೂವರೆ ಅಡಿ ಅಗಲದ ಒಂದು ಸಣ್ಣ ಗೇಟು ಇಡಿಸಿ. ವೆಲ್ಡಿಂಗ್ ಅಂಗಡಿಯವರಿಗೆ ಚಿಲಕ ಎರಡೂ ಕಡೆ ಬೇಕು ಅಂತ ಹೇಳಿ. ಬಾಗಿಲು ಹಾಕಿಕೊಂಡು ಇರಬೇಕು ಅನ್ನಿಸಿದ ದಿನ ಯಾರು ಬೇಕಾದರೂ ತಮ್ಮ ಕಡೆಯದ್ದು ಹಾಕಿಕೊಳ್ಳಬಹುದು.